ಮಿನಿಯೇಚರ್ ಯುದ್ಧದಾಟ ಮಾರಾಟವಾಗುತ್ತಿದೆ, ಅದರ ಬಗ್ಗೆ ಮಾತು ಯಾಕೆ ಸೊರಗುತ್ತಿದೆ?

ಮರದಮೇಜು:

ಗೆಳೆಯರೇ, ಒಂದು ವಿಷಯ ಎಲ್ಲರ ಮುಂದಿಡಬೇಕು ಅನ್ನಿಸಿದೆ. ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ, ಟೇಪು ಹಿಡಿದು ಅಳೆದು, ದಾಳ ಉರುಳಿಸಿ ಆಡುವ ನಮ್ಮ ಆಟದ ಬಗ್ಗೆ ಜನ ಬರೆಯುವುದು ಕಮ್ಮಿಯಾಗಿದೆ. ಫೋಟೋ ಹಾಕುತ್ತಾರೆ. ಕೆಳಗೆ ಒಂದಷ್ಟು ಲೈಕ್ ಬೀಳುತ್ತವೆ, ಯಾರೋ 'ಸೂಪರ್' ಅಂತ ಬರೆಯುತ್ತಾರೆ. ಅಲ್ಲಿಗೆ ಮುಗಿಯಿತು. ಆ ನಿಲುವಂಗಿಯ ಮಡಿಕೆಗೆ ನೆರಳು ಹೇಗೆ ಬಂತು, ಆ ದಳವನ್ನು ಎಡಗಡೆಯೇ ಯಾಕೆ ನಿಲ್ಲಿಸಿದಿರಿ ಅಂತ ಕೇಳುವವರು ಸಿಗುತ್ತಿಲ್ಲ.

ಆಟವೇ ಸತ್ತಿದ್ದರೆ ಇದು ಅರ್ಥವಾಗುತ್ತಿತ್ತು. ಆದರೆ ಸತ್ತಿಲ್ಲ. ಇಂಥ ಆಟಗಳಲ್ಲಿ ಹೆಸರಾದ ವಾರ್‌ಹ್ಯಾಮರ್ ಮಾಡುವ ಗೇಮ್ಸ್ ವರ್ಕ್‌ಶಾಪ್ ಕಂಪನಿಯನ್ನೇ ನೋಡಿ. 1975ರಲ್ಲಿ ಮೂವರು ಗೆಳೆಯರು ಶುರುಮಾಡಿದ ಸಣ್ಣ ವ್ಯಾಪಾರ ಅದು. 2024ರ ಡಿಸೆಂಬರ್‌ನಲ್ಲಿ ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳ ಎಫ್‌ಟಿಎಸ್‌ಇ 100 ಪಟ್ಟಿಗೆ ಸೇರಿತು. ಡಬ್ಬಿಗಳು ಧಾರಾಳವಾಗಿ ಮಾರಾಟವಾಗುತ್ತಿವೆ. ಹಾಗಾದರೆ ಕೊಂಡವರೆಲ್ಲ ಎಲ್ಲಿ ಮಾತಾಡುತ್ತಿದ್ದಾರೆ?

ನನಗನ್ನಿಸುವುದು ಇಷ್ಟು. ಮಾತು ನಿಂತಿಲ್ಲ, ಆದರೆ ಉಳಿಯದ ಜಾಗಕ್ಕೆ ಹೋಗಿದೆ. ಚಾಟ್ ರೂಮಿನಲ್ಲಿ ಬೆಳಿಗ್ಗೆ ಬರೆದದ್ದು ಸಂಜೆಗೆ ಮೇಲೆ ಸರಿದು ಮರೆಯಾಗುತ್ತದೆ. ಹುಡುಕಿದರೂ ಹೊರಗಿನವರಿಗೆ ಕಾಣುವುದಿಲ್ಲ. ಹೇಗೂ ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೆ ಯಾರೂ ಶ್ರದ್ಧೆಯಿಂದ ಬರೆಯುವುದಿಲ್ಲ. ಬರೆಯುವವರು ಕಮ್ಮಿಯಾದರೆ ಓದಿ ಹುರುಪುಗೊಳ್ಳುವವರೂ ಕಮ್ಮಿ. ಉತ್ಸಾಹ ಇಳಿಯುವುದು ಅಲ್ಲಿಂದ ಶುರುವಾಗುತ್ತದೆ ಅಂತ ನನ್ನ ನಂಬಿಕೆ.

ನೀವೇನು ಹೇಳುತ್ತೀರಿ?

ಆರುಮುಖದಾಳ:

ಜಾಗದ ಸಮಸ್ಯೆ ಇದೆ, ಒಪ್ಪುತ್ತೇನೆ. ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ ನಿಯಮಗಳು ಬದಲಾಗುವ ವೇಗ.

ವಾರ್‌ಹ್ಯಾಮರ್‌ನ ಭವಿಷ್ಯಕಾಲದ ರೂಪ ವಾರ್‌ಹ್ಯಾಮರ್ 40,000 ಬಂದದ್ದು 1987ರಲ್ಲಿ. ಎರಡನೇ ಆವೃತ್ತಿ 1993, ಮೂರನೆಯದು 1998, ನಾಲ್ಕನೆಯದು 2004. ಆಗ ಒಂದು ಆವೃತ್ತಿ ಐದಾರು ವರ್ಷ ಬಾಳುತ್ತಿತ್ತು. ಈಚೆಗೆ ನೋಡಿ: 2017, 2020, 2023. ಮೂರು ವರ್ಷಕ್ಕೊಂದು. ಅದರ ನಡುವೆ ಕೆಲವು ತಿಂಗಳಿಗೊಮ್ಮೆ ಪಾಯಿಂಟ್ಸ್, ಅಂದರೆ ಒಂದೊಂದು ದಳಕ್ಕೆ ಆಟದಲ್ಲಿ ಕಟ್ಟಿದ ಬೆಲೆ, ಬದಲಾಗುತ್ತವೆ, ತಿದ್ದುಪಡಿ ಬರುತ್ತದೆ. ಒಂದು ಸೇನೆಯ ನಿಯಮಗಳಿರುವ ಕೋಡೆಕ್ಸ್ ಪುಸ್ತಕ ಕೈಗೆ ಬರುವಷ್ಟರಲ್ಲಿ ಅದರ ಹಿಂದಿನ ಪುಟಗಳ ಪಾಯಿಂಟ್ಸ್ ಹಳತಾಗಿರುತ್ತವೆ.

ಇಂಥದ್ದರಲ್ಲಿ ಒಂದು ದಳವನ್ನು ಹೇಗೆ ಆಡಬೇಕು ಅಂತ ನಾಲ್ಕು ಪುಟ ಯಾರು ಬರೆಯುತ್ತಾರೆ? ಮೊದಲು ನಾನು ಬರೆಯುತ್ತಿದ್ದೆ. ಪ್ರತಿ ದಳಕ್ಕೂ ಒಂದೊಂದು ಟಿಪ್ಪಣಿ, ಯಾವ ಎದುರಾಳಿಗೆ ಹೇಗೆ, ಯಾವ ಮಿಷನ್‌ನಲ್ಲಿ ಎಲ್ಲಿ ನಿಲ್ಲಿಸಬೇಕು ಅಂತ. ಈಗ ಬರೆದರೆ ಮುಂದಿನ ತಿದ್ದುಪಡಿಗೆ ಅದು ಕಸ. ಹಾಗಾಗಿ ಈ ವಾರ ಯಾವ ಸೇನೆ ಜಾಸ್ತಿ ಗೆಲ್ಲುತ್ತಿದೆ, ಶೇಕಡಾ ಎಷ್ಟು ಅನ್ನುವ ಮಾತಷ್ಟೇ ಉಳಿಯುತ್ತದೆ. ಆ ಮಾತು ಬೇಗ ಬೇಸರ ತರಿಸುತ್ತದೆ, ಅಲ್ವಾ?

ಆಟ ಸಮತೋಲನಕ್ಕೆ ಬರಲಿ ಅಂತಲೇ ತಿದ್ದುತ್ತಾರೆ, ಅದು ಗೊತ್ತು. ಮೊದಲು ಒಂದು ಸೇನೆ ಬಲಹೀನ ಪುಸ್ತಕ ಪಡೆದರೆ ವರ್ಷಗಟ್ಟಲೆ ಹಾಗೇ ಕೂರಬೇಕಿತ್ತು. ಈಗ ಕೆಲವೇ ತಿಂಗಳಲ್ಲಿ ಸರಿಯಾಗುತ್ತದೆ. ಟೂರ್ನಮೆಂಟ್ ಆಡುವವರಿಗೆ ಇದು ನಿಜಕ್ಕೂ ಒಳ್ಳೆಯದು. ಆದರೆ ಅದಕ್ಕೆ ಕೊಟ್ಟ ಬೆಲೆ ಏನು ಅಂತ ಯಾರೂ ಲೆಕ್ಕ ಹಾಕಿಲ್ಲ.

ಹದಿನೈದುಮಿಮೀ:

ನಾನು ಇತಿಹಾಸದ ಯುದ್ಧಗಳನ್ನು ಆಡುವವನು. ಬಹಳ ಮಟ್ಟಿಗೆ 15 ಮಿಲಿಮೀಟರ್ ಬೊಂಬೆಗಳು. ನಮ್ಮ ಕಡೆ ನಿಯಮ ಬದಲಾಗುವ ಕಾಟ ಅಷ್ಟಿಲ್ಲ. ಪ್ರಾಚೀನ, ಮಧ್ಯಯುಗದ ಯುದ್ಧಗಳಿಗಾಗಿ ಇರುವ ಡಿಬಿಎ ನಿಯಮಗಳು ಬಂದದ್ದು 1990ರಲ್ಲಿ. ಒಂದು ಕಡೆಗೆ ಹನ್ನೆರಡು ಸಣ್ಣ ದಳಗಳ ಸೇನೆ, ಎರಡಡಿ ಚೌಕದ ಜಾಗ, ಒಂದು ಗಂಟೆಯಲ್ಲಿ ಆಟ ಮುಗಿಯುತ್ತದೆ. ಅವತ್ತು ಬಣ್ಣ ಹಚ್ಚಿದ ಸೇನೆಯನ್ನು ಇವತ್ತೂ ಮೇಜಿನ ಮೇಲಿಡಬಹುದು.

ಆದರೂ ನಮ್ಮಲ್ಲೂ ಮಾತು ಇಳಿದಿದೆ. ಹಾಗಾಗಿ ಆರುಮುಖದಾಳ ಅವರ ಕಾರಣ ಒಂದೇ ಸಾಕಾಗುವುದಿಲ್ಲ. ನಮಗೆ ಏಟು ಬಿದ್ದದ್ದು ಇಮೇಲ್ ಚರ್ಚೆಯ ಗುಂಪುಗಳಿದ್ದ ಯಾಹೂ ಗ್ರೂಪ್ಸ್ ಮುಚ್ಚಿದಾಗ. 2019ರ ಅಕ್ಟೋಬರ್‌ನಲ್ಲಿ ಹಳೆಯದನ್ನೆಲ್ಲ ಅಳಿಸುತ್ತೇವೆ ಅಂತ ಹೇಳಿದರು. 2020ರ ಡಿಸೆಂಬರ್‌ನಲ್ಲಿ ಪೂರ್ತಿ ಬಾಗಿಲು ಹಾಕಿದರು. ಒಂದೊಂದು ನಿಯಮಕ್ಕೂ, ಒಂದೊಂದು ಕಾಲಘಟ್ಟಕ್ಕೂ ಅಲ್ಲಿ ಗುಂಪುಗಳಿದ್ದವು. ಯಾವ ರೆಜಿಮೆಂಟಿನ ಕೋಟಿನ ತೋಳಪಟ್ಟಿ ಯಾವ ಬಣ್ಣ, ಯಾವ ಕಾಲದ ಗುರಾಣಿ ಎಷ್ಟು ದೊಡ್ಡದು ಅಂತ ಬಲ್ಲವರು ವರ್ಷಗಟ್ಟಲೆ ಬರೆದಿದ್ದರು. ಕೆಲವು ಗುಂಪುಗಳು ಬೇರೆ ಕಡೆಗೆ ಸಾಗಿಸಿಕೊಂಡವು. ಮುಂದೆ ನಿಂತು ಮಾಡುವವರಿಲ್ಲದ ಗುಂಪುಗಳ ಬರಹ ಹೋಯಿತು.

ಒಂದು ಹಳೆಯ ಮಾತು ಹೇಳಲೇಬೇಕು. ಇಂಟರ್‌ನೆಟ್ ಇಲ್ಲದಾಗ ಈ ಹವ್ಯಾಸವನ್ನು ಹಿಡಿದಿಟ್ಟದ್ದು ಅಂಚೆಯಲ್ಲಿ ಹೋಗುತ್ತಿದ್ದ ಸಣ್ಣ ಪತ್ರಿಕೆಗಳು. ಅಮೆರಿಕದಲ್ಲಿ ಜ್ಯಾಕ್ ಸ್ಕ್ರೂಬಿ 1957ರಲ್ಲಿ 'ವಾರ್ ಗೇಮ್ ಡೈಜೆಸ್ಟ್' ಶುರುಮಾಡಿದರು. ಇಂಗ್ಲೆಂಡಿನಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ 1962ರಿಂದ 'ವಾರ್‌ಗೇಮರ್ಸ್ ನ್ಯೂಸ್‌ಲೆಟರ್' ತಂದರು. ಓದುಗರೇ ಬರೆಯುತ್ತಿದ್ದರು, ಜಗಳವಾಡುತ್ತಿದ್ದರು, ಮುಂದಿನ ಸಂಚಿಕೆಯಲ್ಲಿ ಉತ್ತರ ಬರುತ್ತಿತ್ತು. ಆ ಹಾಳೆಗಳು ಇವತ್ತಿಗೂ ಹವ್ಯಾಸಿಗಳ ಕೈಯಲ್ಲಿವೆ. ಹೋದ ವರ್ಷ ಚಾಟಿನಲ್ಲಿ ನಾವು ಬರೆದದ್ದು ಎಲ್ಲಿದೆ ಹೇಳಿ. ಮರದಮೇಜು ಅವರು ಹೇಳಿದ್ದು ಇದೇ, ಮತ್ತು ಅದು ಸರಿ.

ಸಣ್ಣಕುಂಚ:

ಬಣ್ಣ ಹಚ್ಚುವವರ ಕಡೆಯಿಂದ ನಾನೂ ಸೇರಿಸುತ್ತೇನೆ. ಯಾಹೂ ಗ್ರೂಪ್ಸ್‌ನಿಂದ ನಿಮಗೆ ಬಿದ್ದಂಥ ಏಟು ನಮಗೆ ಬಿದ್ದದ್ದು ಫೋಟೋಬಕೆಟ್‌ನಿಂದ, ಫೋಟೋ ಇಟ್ಟು ಬೇರೆ ಸೈಟುಗಳಲ್ಲಿ ತೋರಿಸುತ್ತಿದ್ದ ಜಾಗ ಅದು. 2017ರ ನಡುವಿನಲ್ಲಿ ಅವರು ನಿಯಮ ಬದಲಿಸಿದರು. ಬೇರೆ ಸೈಟುಗಳಲ್ಲಿ ಫೋಟೋ ತೋರಿಸಬೇಕಾದರೆ ವರ್ಷಕ್ಕೆ 399 ಡಾಲರ್ ಕಟ್ಟಿ ಅಂದರು. ಕಟ್ಟದವರ ಫೋಟೋ ಜಾಗದಲ್ಲೆಲ್ಲ ಒಂದೇ ಒಂದು ಎಚ್ಚರಿಕೆಯ ಚಿತ್ರ ಕಾಣತೊಡಗಿತು.

ಬಣ್ಣದ ಪಾಠಗಳಿಗೆ ಇದು ಎಷ್ಟು ದೊಡ್ಡ ನಷ್ಟ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಬಣ್ಣ ಹಿಡಿಯಲೆಂದು ಮೊದಲು ಪ್ರೈಮರ್ ಹೊಡೆದ ಫೋಟೋ, ಮೂಲ ಬಣ್ಣದ ಬೇಸ್ ಕೋಟ್ ಆದ ಮೇಲಿನ ಫೋಟೋ, ನೆರಳು ತರುವ ತೆಳು ಬಣ್ಣವಾದ ವಾಶ್ ಸಂದುಗಳಿಗೆ ಇಳಿದ ಮೇಲಿನದು, ಕೊನೆಗೆ ಅಂಚಿಗೆ ತೆಳು ಬಣ್ಣ ಎಳೆದದ್ದು. ಹಂತ ಹಂತವಾಗಿ ತೋರಿಸಿದ ಪಾಠ ಅದು. ಫೋಟೋ ಹೋದರೆ ಉಳಿಯುವುದು 'ಈಗ ಹೀಗೆ ಕಾಣುತ್ತದೆ ನೋಡಿ' ಅನ್ನುವ ಸಾಲು ಮಾತ್ರ. ಹೇಗೆ ಕಾಣುತ್ತದೆ ಅಂತ ನೋಡಲು ಏನೂ ಇಲ್ಲ. ಪಾಠ ಬರೆದವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ಹವ್ಯಾಸ ಬಿಟ್ಟಾಗಿತ್ತು, ಮತ್ತೆ ಬಂದು ಸರಿಮಾಡುವವರಿರಲಿಲ್ಲ.

ಆಮೇಲೆ ವಿಡಿಯೋ ಬಂತು. ವಿಡಿಯೋದಿಂದ ನಾನೂ ತುಂಬಾ ಕಲಿತಿದ್ದೇನೆ. ಕೈ ಓಡುವ ಬಗೆ, ಕುಂಚದಲ್ಲಿ ಎಷ್ಟು ನೀರಿರಬೇಕು ಅನ್ನುವುದನ್ನು ಬರೆದು ಹೇಳುವುದು ಕಷ್ಟ, ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಆದರೆ ವಿಡಿಯೋ ನೋಡಿದವರು ಮಾತಾಡುವುದಿಲ್ಲ. ಒಬ್ಬರು ಹೇಳುತ್ತಾರೆ, ಸಾವಿರ ಜನ ನೋಡುತ್ತಾರೆ. ನೋಡುವವರು ಒಬ್ಬರಿಗೊಬ್ಬರು ಪರಿಚಯವೇ ಆಗುವುದಿಲ್ಲ. 2019ರಲ್ಲಿ ಕಾಂಟ್ರಾಸ್ಟ್ ಬಣ್ಣಗಳು ಬಂದು ಕೆಲಸ ಸುಲಭವಾಯಿತು. ಒಂದೇ ಸಲ ಹಚ್ಚಿದರೆ ನೆರಳು, ಬೆಳಕು ಎರಡೂ ಬರುತ್ತವೆ. ಇದು ಒಳ್ಳೆಯದೇ, ಸೇನೆಗಳು ಮೇಜಿಗೆ ಬೇಗ ಬರುತ್ತಿವೆ. ಕೇಳಬೇಕಾದ ಪ್ರಶ್ನೆಗಳು ಮಾತ್ರ ಕಮ್ಮಿಯಾದವು.

ಹೊಸಬ್ಬಳು:

ನಾನು ಈ ಆಟಕ್ಕೆ ಹೊಸಬಳು. ಎಲ್ಲರೂ ಹಳೆಯ ಕಾಲವನ್ನು ಹೊಗಳುತ್ತಿರುವುದರಿಂದ ಇನ್ನೊಂದು ಕಡೆಯನ್ನೂ ಹೇಳಬೇಕು ಅನ್ನಿಸಿತು.

ಹಳೆಯ ಚರ್ಚೆಗಳನ್ನು ನಾನು ಓದಿದ್ದೇನೆ. ಅವುಗಳಲ್ಲಿ ತಿಳಿವಳಿಕೆ ತುಂಬಾ ಇದೆ. ಆದರೆ ಹೊಸಬರು ಕೇಳಿದ ಪ್ರಶ್ನೆಗೆ 'ಮೊದಲು ಹುಡುಕಿ, ಇದನ್ನು ನೂರು ಸಲ ಕೇಳಿದ್ದಾರೆ' ಅನ್ನುವ ಉತ್ತರವೂ ತುಂಬಾ ಇದೆ. ತನ್ನ ಮೊದಲ ಸೈನಿಕನ ಫೋಟೋ ಹಾಕಿದವರಿಗೆ 'ಬಣ್ಣ ದಪ್ಪವಾಗಿದೆ' ಅಂತ ಒಂದೇ ಸಾಲು. ಹೆಣ್ಣುಮಕ್ಕಳು ಬರೆದರೆ ಆಟದ ಮಾತು ಬಿಟ್ಟು ಬೇರೆಲ್ಲ ಮಾತು. ಡಿಸ್ಕಾರ್ಡ್ ಚಾಟ್ ಆ್ಯಪಿನಲ್ಲಿ ನಾನು ಕೇಳಿದಾಗ ಎರಡು ನಿಮಿಷದಲ್ಲಿ ಉತ್ತರ ಬಂತು, ಬೈಯದೆ ಹೇಳಿದರು. ಅಲ್ಲಿ ನಿಯಮ ಮೀರಿದವರನ್ನು ನೋಡಿಕೊಳ್ಳುವವರಿದ್ದಾರೆ. ಹಾಗಿದ್ದಾಗ ನಾನು ಯಾಕೆ ಬೇರೆ ಕಡೆ ಹೋಗಲಿ?

ನನಗೆ ಉತ್ಸಾಹ ಕಮ್ಮಿಯಿಲ್ಲ. ನನ್ನ ಜೊತೆ ಶುರುಮಾಡಿದವರಿಗೂ ಇಲ್ಲ. ನಮಗೆ ಕಷ್ಟವಾಗಿರುವುದು ಬೇರೆ. ಎಲ್ಲಿ ನೋಡಿದರೂ ಗೆಲ್ಲುವ ಲಿಸ್ಟಿನ, ಅಂದರೆ ಆಟಕ್ಕೆ ಆರಿಸಿದ ಸೇನೆಯ ಪಟ್ಟಿಯ, ಮಾತೇ ಜಾಸ್ತಿ. ನನ್ನ ಹತ್ತಿರ ಇರುವ ಇಪ್ಪತ್ತು ಬೊಂಬೆಗಳಿಂದ ಒಂದು ಚೆಂದದ ಆಟ ಹೇಗೆ ಆಡುವುದು ಅಂತ ಹೇಳುವವರು ಬೇಕು.

ಮರದಮೇಜು:

ಹೊಸಬ್ಬಳು ಅವರೇ, ನೀವು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಇದು ಇಲ್ಲಿ ಯಾರಾದರೂ ಹೇಳಲೇಬೇಕಿದ್ದ ಮಾತು. ಹೊಸಬರನ್ನು ಓಡಿಸಿದ ಜಾಗಗಳು ಖಾಲಿಯಾದವು, ಅದರಲ್ಲಿ ಅನ್ಯಾಯ ಏನೂ ಇಲ್ಲ.

ಆದರೆ ಒಂದು ವಿಷಯ ಯೋಚಿಸಿ. ನಿಮಗೆ ಎರಡು ನಿಮಿಷದಲ್ಲಿ ಬಂದ ಆ ಒಳ್ಳೆಯ ಉತ್ತರ ನಿಮ್ಮ ನಂತರ ಬರುವವರಿಗೆ ಸಿಗುವುದಿಲ್ಲ. ಅವರು ಮತ್ತೆ ಕೇಳಬೇಕು, ಅದೇ ಮನುಷ್ಯ ಮತ್ತೆ ಹೇಳಬೇಕು. ಹೇಳಿ ಹೇಳಿ ಅವರಿಗೆ ಸಾಕಾಗುತ್ತದೆ. ಚಾಟಿನಲ್ಲಿ ಒಳ್ಳೆಯ ಉತ್ತರ ಕೊಡುವವರು ವರ್ಷ ಎರಡು ವರ್ಷದಲ್ಲಿ ಸುಮ್ಮನಾಗುವುದನ್ನು ನಾನು ನೋಡುತ್ತಲೇ ಇದ್ದೇನೆ.

ಮೂರನೇಸುತ್ತು:

ಟೂರ್ನಮೆಂಟ್ ನಡೆಸುವವನಾಗಿ ಹೇಳುತ್ತೇನೆ. ನೀವೆಲ್ಲ ಬರಹದ ಬಗ್ಗೆ ಮಾತಾಡುತ್ತಿದ್ದೀರಿ. ಆಟಕ್ಕೆ ಜೀವ ಕೊಡುವುದು ಜನ. ಅದರಲ್ಲೂ ಒಂದು ಭಾನುವಾರ ಬೆಳಿಗ್ಗೆ ಮೇಜು ಜೋಡಿಸುವ, ಗುಡ್ಡ, ಮನೆಗಳ ಮಾದರಿಗಳನ್ನು (ಟೆರೇನ್) ಹೊರುವ, ಯಾರಿಗೆ ಯಾರು ಎದುರಾಳಿ ಅಂತ ಜೋಡಿ ಹಾಕುವ ಒಬ್ಬರೋ ಇಬ್ಬರೋ.

ವಾರ್‌ಮಷೀನ್ ನೆನಪಿದೆಯಾ? 2003ರಲ್ಲಿ ಪ್ರೈವೆಟೀರ್ ಪ್ರೆಸ್ ಶುರುಮಾಡಿದ ಆಟ. ಒಂದು ಕಾಲದಲ್ಲಿ ವಾರ್‌ಹ್ಯಾಮರ್ ಬಿಟ್ಟರೆ ಎಲ್ಲರ ಬಾಯಲ್ಲಿ ಅದೇ. ಅದರ ಬಲ ಇದ್ದದ್ದು 'ಪ್ರೆಸ್ ಗ್ಯಾಂಗ್' ಅನ್ನುವ ಸ್ವಯಂಸೇವಕರಲ್ಲಿ. ಊರೂರಿನಲ್ಲಿ ಅವರೇ ಆಟ ಕಲಿಸುತ್ತಿದ್ದರು, ಲೀಗ್ ನಡೆಸುತ್ತಿದ್ದರು. 2016ರಲ್ಲಿ ಮೂರನೇ ಆವೃತ್ತಿ ಬಂತು. 2018ರಲ್ಲಿ ಪ್ರೆಸ್ ಗ್ಯಾಂಗ್ ನಿಂತಿತು. 2024ರಲ್ಲಿ ಆಟವೇ ಸ್ಟೀಮ್‌ಫೋರ್ಜ್ಡ್ ಗೇಮ್ಸ್ ಅನ್ನುವ ಬೇರೆ ಕಂಪನಿಯ ಕೈಗೆ ಹೋಯಿತು. ಕುಸಿತಕ್ಕೆ ಕಾರಣ ಒಂದೇ ಅಲ್ಲ. ಆದರೆ ಸ್ವಯಂಸೇವಕರು ಹೋದ ಮೇಲೆ ಹೊಸಬರಿಗೆ ಮೊದಲ ಆಟ ಆಡಿಸುವವರು ಯಾರು?

ಸ್ಟಾರ್ ವಾರ್ಸ್ ಹಡಗುಗಳ ಕಾಳಗದ ಆಟ ಎಕ್ಸ್-ವಿಂಗ್ ಕಥೆಯೂ ನೋಡಿ. 2012ರಲ್ಲಿ ಬಂತು, ಬಣ್ಣ ಹಚ್ಚುವ ಕೆಲಸವೇ ಇಲ್ಲ, ಡಬ್ಬಿ ತೆರೆದು ಆಡಬಹುದು. ಭಾರಿ ಜನ ಸೇರಿದರು. 2018ರಲ್ಲಿ ಎರಡನೇ ಆವೃತ್ತಿ. 2020ರ ಕೊನೆಯಲ್ಲಿ ಆಟ ಅಟಾಮಿಕ್ ಮಾಸ್ ಗೇಮ್ಸ್ ಅನ್ನುವವರ ಕೈಗೆ ಹೋಯಿತು. 2022ರಲ್ಲಿ ಲಿಸ್ಟ್ ಕಟ್ಟುವ ರೀತಿಯನ್ನೇ ಬದಲಿಸಿದರು. ಆಟಗಾರರು ಎರಡು ಪಾಲಾದರು, ಒಂದು ಪಾಲು ಹಳೆಯ ನಿಯಮದಲ್ಲೇ ಉಳಿಯಿತು. 2024ರಲ್ಲಿ ಇನ್ನು ಹೊಸದೇನೂ ತರುವುದಿಲ್ಲ ಅಂತ ಹೇಳಿಬಿಟ್ಟರು. ಈಗ ಆಟಗಾರರೇ ಗುಂಪು ಕಟ್ಟಿಕೊಂಡು ಪಾಯಿಂಟ್ಸ್ ನೋಡಿಕೊಳ್ಳುತ್ತಿದ್ದಾರೆ.

ಕಂಪನಿ ಕೈಬಿಟ್ಟರೂ ಆಟ ಬದುಕಬಹುದು. ನಡೆಸುವವರು ಕೈಬಿಟ್ಟರೆ ಇಲ್ಲ.

ರೆಸಿನ್‌ಪ್ರಿಯ:

ಉತ್ಸಾಹ ಇಳಿದಿದೆ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಅದು ಹಂಚಿಹೋಗಿದೆ. ಮೊದಲು ಎರಡೋ ಮೂರೋ ಆಟ, ಎಲ್ಲರಿಗೂ ಒಂದೇ ಮಾತು. ಈಗ ಎಷ್ಟು ಆಟ! ಎರಡನೇ ಮಹಾಯುದ್ಧದ ಆಟ ಬೋಲ್ಟ್ ಆಕ್ಷನ್ 2012ರಲ್ಲಿ ಬಂತು. 2015ರಲ್ಲಿ ಫ್ರಾಸ್ಟ್‌ಗ್ರೇವ್ ಬಂತು, ಒಬ್ಬ ಮಾಂತ್ರಿಕ ಮತ್ತು ಅವನ ಜೊತೆ ಹತ್ತರೊಳಗೆ ಜನ, ಯಾವ ಕಂಪನಿಯ ಬೊಂಬೆಯಾದರೂ ಸರಿ. ಒನ್‌ಪೇಜ್‌ರೂಲ್ಸ್ ಹೆಸರೇ ಹೇಳುವಂತೆ ಮೂಲ ನಿಯಮ ತೀರಾ ಚಿಕ್ಕದು. ಹೊಸಬ್ಬಳು ಅವರೇ, ನಿಮ್ಮ ಇಪ್ಪತ್ತು ಬೊಂಬೆಗೆ ಈ ಕೊನೆಯ ಎರಡನ್ನು ನೋಡಿ.

ಇದರ ಮೇಲೆ ದ್ರವ ರೆಸಿನ್ ಅನ್ನು ಬೆಳಕಿನಿಂದ ಪದರ ಪದರವಾಗಿ ಗಟ್ಟಿ ಮಾಡುವ 3ಡಿ ಪ್ರಿಂಟರ್ ಬಂತು. ಬೇಕಾದ ಬೊಂಬೆ ಮನೆಯಲ್ಲೇ ತಯಾರು. ನಮ್ಮ ಗುಂಪುಗಳಲ್ಲಿ ಮಾತು ನಿಲ್ಲುವುದೇ ಇಲ್ಲ. ಒಂದೊಂದು ಪದರಕ್ಕೆ ಬೆಳಕು ಬಿಡುವ ಎಕ್ಸ್‌ಪೋಶರ್ ಎಷ್ಟು ಸೆಕೆಂಡ್, ಬೊಂಬೆಯನ್ನು ಹಿಡಿದಿಡುವ ಸಪೋರ್ಟ್ ಕಡ್ಡಿ ಎಲ್ಲಿ ಕೊಟ್ಟರೆ ಮುಖದ ಮೇಲೆ ಗುರುತು ಉಳಿಯುವುದಿಲ್ಲ, ಆಲ್ಕೋಹಾಲಿನಲ್ಲಿ ತೊಳೆದ ಮೇಲೆ ಎಷ್ಟು ಹೊತ್ತು ಒಣಗಿಸಿ ಯುವಿ ಬೆಳಕಿಗೆ ಹಿಡಿಯಬೇಕು. ಇದೂ ಹವ್ಯಾಸವೇ. ಹಳಬರು ಇದನ್ನು ಹವ್ಯಾಸ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆಮೇಲೆ ಮಾತು ಕಮ್ಮಿಯಾಯಿತು ಅನ್ನುತ್ತಾರೆ.

ಆರುಮುಖದಾಳ:

ರೆಸಿನ್‌ಪ್ರಿಯ, ನಿಮ್ಮ ಮಾತಿನಲ್ಲಿ ಹುರುಳಿದೆ. ಆದರೆ ಹಂಚಿಹೋಗುವುದರಲ್ಲೂ ಒಂದು ನಷ್ಟ ಇದೆ. ನನ್ನ ಜೊತೆ ಆಡುವ ನಾಲ್ಕು ಜನರಿಗೆ ನಾಲ್ಕು ಆಟ ಇಷ್ಟವಾದರೆ ನಾವು ಯಾವುದನ್ನೂ ಆಡುವುದಿಲ್ಲ. ಈ ಹವ್ಯಾಸಕ್ಕೆ ಎದುರಾಳಿ ಬೇಕು. ಅವರ ಹತ್ತಿರವೂ ಅದೇ ನಿಯಮ, ಅದೇ ಅಳತೆಯ ಬೊಂಬೆ ಇರಬೇಕು.

ಇನ್ನೊಂದು, ಉತ್ಸಾಹ ನಿಜವಾಗಿಯೂ ಇಳಿಯುತ್ತದೆ. ಅದನ್ನು ಮುಚ್ಚಿಡುವುದು ಬೇಡ. 2,000 ಪಾಯಿಂಟ್ಸ್ ಆಟ ಅಂದರೆ ಮೂರು ಗಂಟೆ ಹಿಡಿಯುತ್ತದೆ. ಅದಕ್ಕೆ ಮುಂಚೆ ಕಟ್ಟಬೇಕು, ಅಂಟಿಸಬೇಕು, ಬಣ್ಣ ಹಚ್ಚಬೇಕು, ಹೊಸ ನಿಯಮ ಓದಬೇಕು. ಕೆಲಸ, ಮನೆ, ಮಕ್ಕಳ ನಡುವೆ ಅಷ್ಟು ಹೊತ್ತು ಸಿಗುವುದಿಲ್ಲ. ಆದರೆ ಕೊಳ್ಳುವುದಕ್ಕೆ ಹೊತ್ತು ಬೇಡವಲ್ಲ! ಅದಕ್ಕೇ ಕೊಳ್ಳುವುದು ಮುಂದೆ ಓಡುತ್ತದೆ, ಹಚ್ಚುವುದು ಹಿಂದೆ ಉಳಿಯುತ್ತದೆ. ಕಪಾಟಿನಲ್ಲಿ ಬೂದು ಪ್ಲಾಸ್ಟಿಕ್ ರಾಶಿ ನೋಡಿದಾಗಲೆಲ್ಲ ಮನಸ್ಸು ಕುಗ್ಗುತ್ತದೆ. ಕಂಪನಿಯ ಲೆಕ್ಕದಲ್ಲಿ ಅದು ಮಾರಾಟ. ನಮ್ಮ ಲೆಕ್ಕದಲ್ಲಿ ಅದು ಆಡದೆ ಉಳಿದ ಆಟ. ಮಾರಾಟ ಏರಿ ಮಾತು ಇಳಿಯುವುದು ಹೇಗೆ ಅನ್ನುವ ಪ್ರಶ್ನೆಗೆ ಇದೂ ಒಂದು ಉತ್ತರ.

ಸಣ್ಣಕುಂಚ:

ಇದು ನೂರಕ್ಕೆ ನೂರು ನಿಜ. ಡಬ್ಬಿ ಬಂದ ದಿನ ಎಲ್ಲರೂ ಬರೆಯುತ್ತಾರೆ. ಹಚ್ಚಿ ಮುಗಿಸಿದ ದಿನ ಬರೆಯುವಷ್ಟರಲ್ಲಿ ಇನ್ನೊಂದು ಡಬ್ಬಿ ಬಂದಿರುತ್ತದೆ, ಹಳೆಯದರ ಬಗ್ಗೆ ಯಾರೂ ಕೇಳುವುದಿಲ್ಲ. ಸುಮ್ನೆ ಹೇಳುತ್ತಿಲ್ಲ, ವರ್ಷ ಕಳೆದ ಮೇಲೆ ಮುಗಿಸಿದ ಒಂದು ಡ್ರ್ಯಾಗನ್ ಹಾಕಿದೆ. ಯಾರೋ ಒಬ್ಬರು 'ಇದು ಹಳೆಯದಲ್ವಾ' ಅಂದರು, ಅಷ್ಟೇ.

ಮರದಮೇಜು:

ಮೂರನೇಸುತ್ತು ಅವರು ಜನ ಮುಖ್ಯ ಅಂದರು. ಆ ಮಾತಿಗೆ ಬ್ಲಡ್ ಬೌಲ್ ಕಥೆ ಸೇರಿಸುತ್ತೇನೆ, ಯಾಕಂದರೆ ನನಗೆ ಇದರಲ್ಲಿ ದಾರಿ ಕಾಣುತ್ತದೆ.

1980ರ ದಶಕದಲ್ಲಿ ಬಂದ ಆಟ. ಓರ್ಕ್, ಎಲ್ಫ್‌ಗಳು ಅಮೆರಿಕನ್ ಫುಟ್‌ಬಾಲ್ ಆಡುವ ತಮಾಷೆಯ ಆಟ. ಅದನ್ನು ತಂದ ಗೇಮ್ಸ್ ವರ್ಕ್‌ಶಾಪೇ ಬದಿಗಿಟ್ಟಿತು, ಕೊನೆಗೆ ಬೊಂಬೆ ಮಾಡುವುದನ್ನೂ ನಿಲ್ಲಿಸಿತು. ಆದರೆ ಆಟಗಾರರು ಬಿಡಲಿಲ್ಲ. ಎನ್‌ಎಎಫ್ ಅನ್ನುವ ಅವರ ಸಂಘ ದೇಶ ದೇಶಗಳಲ್ಲಿ ಟೂರ್ನಮೆಂಟ್‌ಗಳಿಗೆ ಆಸರೆಯಾಯಿತು, ಫಲಿತಾಂಶಗಳನ್ನು ದಾಖಲಿಸಿತು. ನಿಯಮಗಳನ್ನು ಕೂತು ತಿದ್ದಿ, ಎಲ್ಲರಿಗೂ ಪುಕ್ಕಟೆಯಾಗಿ ಸಿಗುವಂತೆ ಇಟ್ಟರು. ಸಣ್ಣ ಸಣ್ಣ ತಯಾರಕರು ಆಟಕ್ಕೆ ಹೊಂದುವ ತಂಡಗಳನ್ನು ಎರಕ ಹೊಯ್ದರು. 2016ರಲ್ಲಿ ಕಂಪನಿಯೇ ಮತ್ತೆ ಹೊಸ ಡಬ್ಬಿ ತಂದಿತು. ಅಷ್ಟೂ ವರ್ಷ ಆಟ ಉಳಿದದ್ದು ಜನರಿಂದ. ಆದರೆ ಆ ಜನ ಬರೆದಿಟ್ಟರು, ಅದನ್ನು ಮರೆಯಬೇಡಿ. ಹೊಸಬರು ಬಂದಾಗ ಓದಲು ನಿಯಮ ಇತ್ತು, ನೋಡಲು ಹಳೆಯ ಫಲಿತಾಂಶ ಇತ್ತು.

ಬೊಂಬೆಗಳು ಚೌಕ ಬೇಸಿನ (ಕಾಲಡಿಯ ತಟ್ಟೆಯ) ಮೇಲೆ ಸಾಲಾಗಿ ನಿಲ್ಲುವ ಹಳೆಯ ವಾರ್‌ಹ್ಯಾಮರ್ ಕೂಡ ಹಾಗೇ. 2015ರಲ್ಲಿ ಅದನ್ನು ಮುಗಿಸಿ ಏಜ್ ಆಫ್ ಸಿಗ್ಮಾರ್ ಅನ್ನುವ ಹೊಸ ಆಟ ತಂದರು. ಬೇಸರಗೊಂಡವರಲ್ಲಿ ಕೆಲವರು ನೈಂತ್ ಏಜ್ ಅಂತ ತಾವೇ ನಿಯಮ ಬರೆದುಕೊಂಡರು, ಕೆಲವರು ಕಿಂಗ್ಸ್ ಆಫ್ ವಾರ್ ಅನ್ನುವ ಬೇರೆ ಆಟಕ್ಕೆ ಹೋದರು, ಕೆಲವರು ಹಳೆಯ ಆವೃತ್ತಿಯಲ್ಲೇ ಉಳಿದರು. 2024ರ ಜನವರಿಯಲ್ಲಿ ಚೌಕ ಬೇಸಿನ ಆಟ ಓಲ್ಡ್ ವರ್ಲ್ಡ್ ಹೆಸರಿನಲ್ಲಿ ಮತ್ತೆ ಬಂದಾಗ ಅವರಲ್ಲಿ ಎಷ್ಟೋ ಜನರ ಸೇನೆ ಸಿದ್ಧವಾಗಿಯೇ ಇತ್ತು.

ಹದಿನೈದುಮಿಮೀ:

ಬ್ಯಾಟಲ್ ರಿಪೋರ್ಟ್, ಅಂದರೆ ಆಡಿದ ಆಟದ ಕಥೆ, ಬರೆಯುವುದನ್ನು ಮತ್ತೆ ಶುರುಮಾಡೋಣ. ಅದಕ್ಕೆ ನಿಯಮ ಹಳತಾದರೂ ತೊಂದರೆಯಿಲ್ಲ. ಬಲಗಡೆಯ ಗುಡ್ಡ ಹಿಡಿಯಲು ಹೋಗಿ ನಡುವಿನ ಸಾಲು ಹೇಗೆ ತೆಳುವಾಯಿತು, ಒಂದೇ ಒಂದು ಕೆಟ್ಟ ದಾಳಕ್ಕೆ ಸೇನಾಪತಿ ಹೇಗೆ ಬಿದ್ದ ಅನ್ನುವ ಕಥೆ ಯಾವ ಆವೃತ್ತಿಯಾದರೂ ಓದಿಸಿಕೊಳ್ಳುತ್ತದೆ. ಎಚ್. ಜಿ. ವೆಲ್ಸ್ 1913ರಲ್ಲಿ ಬರೆದ ಆಟದಲ್ಲಿ ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಯಿಂದ ನಿಜವಾಗಿಯೂ ಹೊಡೆದು ಸೈನಿಕರನ್ನು ಬೀಳಿಸುತ್ತಿದ್ದರು. ಆ ನಿಯಮದಲ್ಲಿ ಈಗ ಆಡುವವರು ಬಹಳ ಕಮ್ಮಿ. ಆದರೆ ಅವರು ಬರೆದ ಯುದ್ಧದ ವರ್ಣನೆಯನ್ನು ಈಗಲೂ ಓದುತ್ತೇವೆ.

ಫೋಟೋ ಚೆನ್ನಾಗಿರಬೇಕು ಅಂತಲೂ ಇಲ್ಲ. ಮೇಜಿನ ನಕ್ಷೆ ಕೈಯಲ್ಲಿ ಗೀಚಿದರೂ ಸಾಕು.

ಮೂರನೇಸುತ್ತು:

ಇದು ನನಗೂ ಹಿಡಿಸಿತು. ಮುಂದಿನ ಟೂರ್ನಮೆಂಟಿನಲ್ಲಿ ಪ್ರತಿ ಸುತ್ತಿಗೂ ಒಬ್ಬರು ತಮ್ಮ ಆಟವನ್ನು ಬರೆದುಕೊಡಬೇಕು ಅಂತ ಕೇಳುತ್ತೇನೆ. ಗೆದ್ದವರೇ ಆಗಬೇಕಿಲ್ಲ. ಬರೆದುಕೊಟ್ಟವರಿಗೆ ಚೆಂದದ ಆಟಕ್ಕೆ ಕೊಡುವ ಬಹುಮಾನದಲ್ಲಿ ಪಾಲು. ಜೊತೆಗೆ 500 ಪಾಯಿಂಟ್ಸ್‌ನ ಒಂದು ಮೇಜನ್ನು ಹೊಸಬರಿಗೆ ಅಂತ ಇಡುತ್ತೇನೆ. ಅಲ್ಲಿ ಫಲಿತಾಂಶ ಬರೆದುಕೊಳ್ಳುವುದಿಲ್ಲ, ಕಲಿಸುವವರು ಪಕ್ಕದಲ್ಲಿ ನಿಂತಿರುತ್ತಾರೆ.

ರೆಸಿನ್‌ಪ್ರಿಯ:

ಆ ಮೇಜಿನಲ್ಲಿ ಪ್ರಿಂಟ್ ಮಾಡಿದ ಬೊಂಬೆಗೆ ಅವಕಾಶ ಇದೆಯಾ? ಇದ್ದರೆ ಎರಡು ಸಣ್ಣ ಸೇನೆಗಳನ್ನು ನಾನೇ ತಯಾರು ಮಾಡಿಕೊಡುತ್ತೇನೆ. ಅದರ ಎಕ್ಸ್‌ಪೋಶರ್, ಸಪೋರ್ಟ್ ಎಲ್ಲವನ್ನೂ ಇಲ್ಲೇ ಬರೆದಿಡುತ್ತೇನೆ, ಚಾಟಿನಲ್ಲಿ ಅಲ್ಲ.

ಮೂರನೇಸುತ್ತು:

ಖಂಡಿತ ಇದೆ. ಬಣ್ಣ ಹಚ್ಚಿರಲಿ, ಬೇಸಿನ ಅಳತೆ ಸರಿಯಿರಲಿ, ಅಷ್ಟೇ ಸಾಕು.

ಹೊಸಬ್ಬಳು:

ಹಾಗಾದರೆ ಇಲ್ಲೇ ಒಂದು ಪ್ರಶ್ನೆ ಕೇಳುತ್ತೇನೆ. ನಾನು ವಾಶ್ ಹಚ್ಚಿದಾಗ ಚಪ್ಪಟೆ ಜಾಗಗಳಲ್ಲಿ, ಅಂದರೆ ಗುರಾಣಿ, ನಿಲುವಂಗಿಯ ಬೆನ್ನು, ಇಂಥ ಕಡೆ ಒಣಗಿದ ಮೇಲೆ ಅಂಚಿನಲ್ಲಿ ಗೆರೆಯಂಥ ಕಲೆ ಉಳಿಯುತ್ತದೆ. ನೀರು ಬೆರೆಸಿದರೂ ಹೋಗುವುದಿಲ್ಲ. ಏನು ಮಾಡಬೇಕು?

ಸಣ್ಣಕುಂಚ:

ನೀರು ಬೆರೆಸಿದ್ದಕ್ಕೇ ಕೆಲವೊಮ್ಮೆ ಜಾಸ್ತಿಯಾಗುತ್ತದೆ. ಬಣ್ಣದ ಕಣಗಳು ನೀರಿನ ಜೊತೆ ಅಂಚಿಗೆ ಓಡಿ ಅಲ್ಲೇ ಒಣಗುತ್ತವೆ. ನೀರಿನ ಬದಲು ಮೀಡಿಯಂ, ಅಂದರೆ ಬಣ್ಣದ ಕಣಗಳಿಲ್ಲದ ತೆಳು ದ್ರವ, ಬೆರೆಸಿ. ಇಡೀ ಮೈಗೆ ಸುರಿಯಬೇಡಿ, ಮಡಿಕೆ ಮತ್ತು ಸಂದುಗಳಿಗೆ ಮಾತ್ರ ಸಣ್ಣ ಕುಂಚದಿಂದ ಬಿಡಿ. ಚಪ್ಪಟೆ ಜಾಗದಲ್ಲಿ ನಿಂತದ್ದನ್ನು ಒದ್ದೆ ಇರುವಾಗಲೇ ಒಣ ಕುಂಚದ ತುದಿಯಿಂದ ಹೀರಿಕೊಳ್ಳಿ. ಅರ್ಧ ಒಣಗಿದ ಮೇಲೆ ಮಾತ್ರ ಮುಟ್ಟಬೇಡಿ, ಆಗ ಕಲೆ ಕಿತ್ತು ಇನ್ನೂ ಕೆಡುತ್ತದೆ. ಗುರಾಣಿಗೆ ಮೊದಲು ಹೊಳೆಯುವ ವಾರ್ನಿಶ್ ಕೊಟ್ಟು ವಾಶ್ ಹಚ್ಚಿದರೆ ಅದು ತಾನಾಗಿ ಸಂದಿಗೆ ಇಳಿಯುತ್ತದೆ. ಕೊನೆಗೆ ಮ್ಯಾಟ್ ವಾರ್ನಿಶ್ ಹೊಡೆದರೆ ಹೊಳಪು ಹೋಗುತ್ತದೆ.

ಈಗಾಗಲೇ ಕಲೆ ಬಿದ್ದಿರುವುದಕ್ಕೆ ಮೂಲ ಬಣ್ಣವನ್ನೇ ತೆಳುವಾಗಿ ಎರಡು ಸಲ ಮೇಲೆ ಹಚ್ಚಿ. ಯಾವ ಬಣ್ಣದ ಪ್ರೈಮರ್ ಹೊಡೆದಿದ್ದೀರಿ? ಫೋಟೋ ಇದ್ದರೆ ಇಲ್ಲೇ ಹಾಕಿ, ಹಚ್ಚುವ ಮುಂಚಿನದೂ ಆಮೇಲಿನದೂ ಎರಡೂ.